ಗಾಳಿ ಮಗ್ಗದ ಡ್ರಾಯಿಂಗ್

ಹುಕ್ಸ್ ಲಾ ಓದದೆ ನಮ್ಮಲ್ಲಿ ಯಾರೂ ಇಲ್ಲಿಗೆ ಬಂದಿರಲ್ಲ. ಆ ರಾಬರ್ಟ್ ಹುಕ್ ಆರ್ಕಿಟೆಕ್ಟ್ ಕೂಡ ಆಗಿದ್ದ ಅನ್ನೋದು ನನಗೆ ಗೊತ್ತಾಗಿದ್ದು ಇತ್ತೀಚೆಗೆ. ಲಂಡನ್ನಿನ ಮೂರ್‌ಫೀಲ್ಡ್ಸ್‌ನಲ್ಲಿ 1676ರಲ್ಲಿ ಎದ್ದ ಬೆಥ್ಲೆಮ್ ಹುಚ್ಚಾಸ್ಪತ್ರೆ ಅವನ ಡಿಸೈನ್. ಹುಚ್ಚಾಸ್ಪತ್ರೆ ಅನ್ನೋದು ಕೆಟ್ಟ ಪದ, ಆದರೆ ಆ ಕಾಲಕ್ಕೆ ಅದೇ ಸರಿ. ಹೊರಗಿನಿಂದ ನೋಡಿದರೆ ಅರಮನೆ. ಕಟ್ಟಿದ್ದು ಮಾತ್ರ ಮುಚ್ಚಿದ ಹಳೇ ಕಂದಕದ ಜಾಗದಲ್ಲಿ. ಹಾಗಾಗಿ ಕಾಲಕ್ರಮೇಣ ಗೋಡೆಗಳು ಬಿರುಕು ಬಿಟ್ಟು ಕುಸಿಯತೊಡಗಿದವು.

ಆ ಗೋಡೆಗಳೊಳಗೆ 1797ರ ಜನವರಿಯಲ್ಲಿ ಬಂದು ಸೇರಿದವನು ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್. ಮನೋವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇವನಷ್ಟು ಪ್ರಸಿದ್ಧ ರೋಗಿಗಳು ಕಡಿಮೆ.

ಮ್ಯಾಥ್ಯೂಸ್ ಲಂಡನ್ನಿನ ಒಬ್ಬ ಟೀ ವ್ಯಾಪಾರಿ. ಫ್ರಾನ್ಸಿನ ಕ್ರಾಂತಿಯ ಸಮಯದಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಆಗಬಾರದು ಅಂತ ಡೇವಿಡ್ ವಿಲಿಯಮ್ಸ್ ಎಂಬ ಚಿಂತಕನ ಜೊತೆ ಪ್ಯಾರಿಸ್‌ಗೆ ಹೋದ. ಇದು ಭ್ರಮೆ ಅಲ್ಲ, ನಿಜವಾಗಿ ನಡೆದದ್ದು. ಸಂಧಾನ ಮುರಿದುಬಿತ್ತು. 1793ರಲ್ಲಿ ಅವನನ್ನು ಬಂಧಿಸಿದರು. ಇವತ್ತೋ ನಾಳೆಯೋ ಗಿಲೊಟಿನ್ ಅನ್ನೋ ಭಯದಲ್ಲಿ ಮೂರು ವರ್ಷ ಕಳೆದ. ಕೊನೆಗೆ ಇವನಿಗೆ ತಲೆ ಸರಿಯಿಲ್ಲ ಅಂತ ಬಿಟ್ಟು ಕಳಿಸಿದರು. ಲಂಡನ್ನಿಗೆ ಬಂದವನು ಮಂತ್ರಿ ಲಾರ್ಡ್ ಲಿವರ್‌ಪೂಲ್‌ನನ್ನೇ ದೇಶದ್ರೋಹಿ ಅಂದ, ಪಾರ್ಲಿಮೆಂಟಿನ ಗ್ಯಾಲರಿಯಿಂದ ಕೂಗಾಡಿದ. ಅಲ್ಲಿಂದ ಬೆಥ್ಲೆಮ್.

ಅವನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮಷೀನು. ಆಸ್ಪತ್ರೆಯ ಹತ್ತಿರದ ಯಾವುದೋ ನೆಲಮಾಳಿಗೆಯಲ್ಲಿ ಏಳು ಜನರ ಒಂದು ಗ್ಯಾಂಗ್ ಇದೆ, ಅವರ ಬಳಿ ಗಾಳಿ ಮಗ್ಗ ಅನ್ನೋ ಯಂತ್ರ ಇದೆ, ಅದು ಕೆಟ್ಟ ಗ್ಯಾಸುಗಳಿಂದ ಕಾಂತೀಯ ಕಿರಣಗಳನ್ನು ನೇಯ್ದು ತನ್ನ ಮೈಮೇಲೆ ಬಿಡ್ತಿದೆ ಅಂತ ಅವನು ನಂಬಿದ್ದ. ಅದು ಕೊಡುವ ಒಂದೊಂದು ನೋವಿಗೂ ಒಂದೊಂದು ಹೆಸರು. ನಾಲಿಗೆಯ ಬುಡ ಬಿಗಿದು ಮಾತು ನಿಲ್ಲಿಸುವುದಕ್ಕೆ ಒಂದು. ಇಡೀ ಮೈಯನ್ನು ಸುತ್ತಲಿಂದ ಅದುಮಿ ರಕ್ತದ ಓಟ ನಿಲ್ಲಿಸುವುದಕ್ಕೆ ಇನ್ನೊಂದು, ಅದನ್ನು ಅವನು ಲಾಬ್‌ಸ್ಟರ್‌ನ ಚಿಪ್ಪು ಒಡೆಯುವುದಕ್ಕೆ ಹೋಲಿಸಿದ್ದ. ಮೊಣಕಾಲಿಗೆ ಮೊಳೆ, ಹೊಟ್ಟೆಯ ಒಳಗೆ ಸುಲಿತ. ಬೇರೆಯವರ ಯೋಚನೆಯನ್ನು ಗಾಳಿಪಟದ ಹಾಗೆ ತಲೆಯೊಳಗೆ ಏರಿಸಿ ಗಂಟೆಗಟ್ಟಲೆ ಹಾರಿಸೋದು.

ಅವನು ಬರೀ ಹೇಳಿ ಸುಮ್ಮನಾಗಲಿಲ್ಲ, ಡ್ರಾಯಿಂಗ್ ಮಾಡಿದ. ಪೀಪಾಯಿಗಳು, ಪೈಪುಗಳು, ಲಿವರ್‌ಗಳು, ಒತ್ತುವ ಕೀಲಿಗಳು, ಭಾಗಗಳಿಗೆಲ್ಲ ಅಕ್ಷರದ ಗುರುತು. ಮಷೀನ್ ಡ್ರಾಯಿಂಗ್‌ನಲ್ಲಿ ಲೇಬಲ್ ಮರೆತು ಮಾರ್ಕ್ಸ್ ಕಳ್ಕೊಂಡವನು ನಾನು, ಆ ಚಿತ್ರ ನೋಡಿ ನಾಚಿಕೆ ಆಯ್ತು.

ಮೊದಲು ಓದಿದಾಗ ನಾನೂ ನಕ್ಕೆ. ಆಮೇಲೆ ಅನ್ನಿಸಿದ್ದು, ಮಷೀನು ಸುಳ್ಳು ಇರಬಹುದು, ಆದರೆ ಮೊಣಕಾಲಿನ ನೋವು ಸುಳ್ಳಾಗಿರಲಿಲ್ಲ. ನಮ್ಮನ್ನು ನಾವೇ ಕಚಗುಳಿ ಇಟ್ಟುಕೊಳ್ಳೋಕೆ ಆಗಲ್ಲ ಅಲ್ವಾ? ಕೈ ಆಡಿಸುವ ಮೊದಲೇ ಮೆದುಳು ಇಂಥ ಸ್ಪರ್ಶ ಬರುತ್ತೆ ಅಂತ ಲೆಕ್ಕ ಹಾಕಿ, ಬಂದ ಸಿಗ್ನಲ್‌ನಿಂದ ಅದನ್ನು ಕಳೆದುಬಿಡುತ್ತೆ. ಕಂಟ್ರೋಲ್ ಸಿಸ್ಟಮ್ ಓದಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಸೈಕೋಸಿಸ್ ಇರುವ ಕೆಲವರಲ್ಲಿ ಈ ಲೆಕ್ಕ ತಪ್ಪುತ್ತೆ ಅಂತ ಈಗಿನ ವಿಜ್ಞಾನಿಗಳು ಹೇಳ್ತಾರೆ. ಆಗ ತನ್ನದೇ ಚಲನೆ, ತನ್ನದೇ ಯೋಚನೆ ಹೊರಗಿನಿಂದ ಯಾರೋ ಮಾಡಿಸಿದ ಹಾಗೆ ಅನ್ನಿಸುತ್ತೆ. ಮ್ಯಾಥ್ಯೂಸ್‌ಗೆ ಆಗಿದ್ದು ಇದೇ ಅಂತ ಇನ್ನೂರು ವರ್ಷದ ನಂತರ ನಾನು ಡಯಾಗ್ನೋಸ್ ಮಾಡಲ್ಲ. ಆದರೆ ಔಟ್‌ಪುಟ್ ಮಾತ್ರ ಸಿಕ್ಕವನು ಒಳಗಿನ ಸರ್ಕ್ಯೂಟ್ ಊಹಿಸುವ ಹಾಗೆ ಅವನೂ ಊಹಿಸಿದ. ಗ್ಯಾಸುಗಳ ರಸಾಯನಶಾಸ್ತ್ರ, ಮೆಸ್ಮರನ ಕಾಂತಚಿಕಿತ್ಸೆ, ಹೊಸ ಪವರ್ ಲೂಮ್, ಎಲ್ಲ ಅವನ ಕಾಲದ್ದೇ. 1919ರಲ್ಲಿ ವಿಕ್ಟರ್ ಟಾಸ್ಕ್ ಎಂಬ ವೈದ್ಯ, ಇಂಥ ಪೀಡಿಸುವ ಯಂತ್ರವನ್ನು ಹಲವು ರೋಗಿಗಳು ವರ್ಣಿಸುತ್ತಾರೆ ಅಂತ ಬರೆದ.

1809ರಲ್ಲಿ ಮನೆಯವರು ಬಿಡಿಸೋಕೆ ಪ್ರಯತ್ನ ಪಟ್ಟರು. ಪರೀಕ್ಷಿಸಿದ ಇಬ್ಬರು ಡಾಕ್ಟರುಗಳು, ಹೆನ್ರಿ ಕ್ಲಟರ್‌ಬಕ್ ಮತ್ತು ಜಾರ್ಜ್ ಬರ್ಕ್‌ಬೆಕ್, ಇವನಿಗೆ ಹುಚ್ಚಿಲ್ಲ ಅಂದರು. ಇದೇ ಬರ್ಕ್‌ಬೆಕ್ ಮುಂದೆ ಲಂಡನ್ನಿನಲ್ಲಿ ಕೆಲಸಗಾರರಿಗೆ ವಿಜ್ಞಾನ ಕಲಿಸುವ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಶುರು ಮಾಡಿದ್ದು. ಬಿಡುಗಡೆ ಮಾತ್ರ ಆಗಲಿಲ್ಲ. ಆಸ್ಪತ್ರೆಯ ಔಷಧಿಗಾರ ಜಾನ್ ಹ್ಯಾಸ್ಲಂಗೆ ಇದು ಅವಮಾನ ಅನ್ನಿಸಿತು. ಮ್ಯಾಥ್ಯೂಸ್ ಹುಚ್ಚನೇ ಅಂತ ತೋರಿಸೋಕೆ 1810ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಗಾಳಿ ಮಗ್ಗದ ಡ್ರಾಯಿಂಗ್ ಉಳಿದಿರೋದು ಆ ಪುಸ್ತಕದಲ್ಲೇ. ಒಬ್ಬ ರೋಗಿಯ ಬಗ್ಗೆ ಅಷ್ಟು ವಿವರವಾಗಿ ಬಂದ ಮೊದಲ ಪುಸ್ತಕ ಅದು, ಬರೆದಿದ್ದು ಸಿಟ್ಟಿನಲ್ಲಿ.

ಅದೇ ಸಮಯಕ್ಕೆ, ಬೀಳುವ ಹಂತದಲ್ಲಿದ್ದ ಹುಕ್‌ನ ಕಟ್ಟಡದ ಬದಲು ಹೊಸ ಬೆಥ್ಲೆಮ್‌ಗೆ ಡಿಸೈನ್ ಸ್ಪರ್ಧೆ ಕರೆದರು. ಒಳಗೆ ಕೂತಿದ್ದ ಮ್ಯಾಥ್ಯೂಸ್ ಕೂಡ ಪ್ಲಾನ್ ಬರೆದು, ಉದ್ದನೆಯ ಟಿಪ್ಪಣಿಗಳ ಜೊತೆ ಕೊಟ್ಟ. ಆಡಳಿತ ಮಂಡಳಿ ಮೆಚ್ಚಿ 30 ಪೌಂಡ್ ಕೊಟ್ಟಿತು. ಆ ಬಿಲ್ಡಿಂಗ್ ಒಳಗೆ ಮನುಷ್ಯನ ಮೈಗೆ ಏನಾಗುತ್ತೆ ಅಂತ ಉಳಿದ ಯಾವ ಆರ್ಕಿಟೆಕ್ಟ್‌ಗೆ ಗೊತ್ತಿತ್ತು?

1814ರಲ್ಲಿ ಅವನನ್ನು ಹ್ಯಾಕ್ನಿಯ ಒಂದು ಖಾಸಗಿ ಆಶ್ರಯಕ್ಕೆ ಕಳಿಸಿದರು. ಅಲ್ಲಿ ಲೆಕ್ಕಪತ್ರ ಬರೆಯೋಕೆ ಸಹಾಯ ಮಾಡ್ತಾ ಇದ್ದ. 1815ರ ಜನವರಿಯಲ್ಲಿ ತೀರಿಕೊಂಡ. ಅದೇ ವರ್ಷ ಪಾರ್ಲಿಮೆಂಟಿನ ಸಮಿತಿಯೊಂದು ಹುಚ್ಚಾಸ್ಪತ್ರೆಗಳ ತನಿಖೆ ನಡೆಸಿತು, ಮ್ಯಾಥ್ಯೂಸ್‌ನನ್ನು ನಡೆಸಿಕೊಂಡ ರೀತಿಯೂ ಅದರ ಮುಂದೆ ಬಂತು. 1816ರಲ್ಲಿ ಹ್ಯಾಸ್ಲಂನ ಕೆಲಸ ಹೋಯಿತು.

ಹೊಸ ಬೆಥ್ಲೆಮ್ ತೆರೆದಿದ್ದೂ 1815ರಲ್ಲೇ, ಸೇಂಟ್ ಜಾರ್ಜ್ಸ್ ಫೀಲ್ಡ್ಸ್‌ನಲ್ಲಿ, ಬೇರೆಯವರ ಡಿಸೈನಿನಲ್ಲಿ. ಅದರ ನಡುಭಾಗ ಇವತ್ತಿಗೂ ನಿಂತಿದೆ. ಈಗ ಅಲ್ಲಿರೋದು ಬ್ರಿಟನ್ನಿನ ಯುದ್ಧ ಮ್ಯೂಸಿಯಂ.