ಜೈಲಿನ ಗೇಟಿನ ಹೊರಗೆ ಯಾರಿದ್ದಾರೆ? – ಎಲಿಜಬೆತ್ ಫ್ರೈ ಅಮ್ಮನವರ ಜೀವನ (ಭಾನುವಾರದ ಸಂದೇಶ)

 ಮಂಡ್ಯದಿಂದ, ಮಳವಳ್ಳಿಯಿಂದ ಬೆಳಿಗ್ಗೆನೇ ಬಸ್ ಹಿಡಿದು ಮದ್ದೂರಿಗೆ ಬಂದಿರೋ ದೇವಜನರಿಗೆ ವಿಶೇಷ ವಂದನೆ.

ಫಿಲೆಮೋನನಿಗೆ ಬರೆದ ಪತ್ರಿಕೆ ತೆಗೀರಿ. ಒಂದೇ ಅಧ್ಯಾಯ, ಮನೆಗೆ ಹೋಗಿ ಪೂರ್ತಿ ಓದಿ. ಯಜಮಾನನ ಮನೆ ಬಿಟ್ಟು ಹೋಗಿದ್ದ ಒನೇಸಿಮ ಅನ್ನೋ ದಾಸನನ್ನ ಪೌಲನು ವಾಪಸ್ ಕಳಿಸ್ತಾನೆ. ಬರಿಗೈಯಲ್ಲಿ ಕಳಿಸಲಿಲ್ಲ. ಪತ್ರ ಬರೆದು ಕೊಟ್ಟ. ಇವನಿಂದ ಏನಾದ್ರೂ ನಷ್ಟ ಆಗಿದ್ರೆ ಅದು ನನ್ನ ಲೆಕ್ಕಕ್ಕೆ ಇರಲಿ ಅಂತ ತಾನೇ ಹೊಣೆ ಹೊತ್ತ.

ಹಾಗೆ ಹೊಣೆ ಹೊತ್ತ ಒಬ್ಬ ತಾಯಿಯ ಜೀವನವನ್ನ ಇವತ್ತು ಹೇಳ್ತೀನಿ. ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಓದುವಾಗ ಎಲಿಜಬೆತ್ ಫ್ರೈ ಅನ್ನೋ ಹೆಸರು ನನಗೆ ಎರಡು ಮಾರ್ಕ್ಸಿನ ಪ್ರಶ್ನೆ ಅಷ್ಟೇ ಆಗಿತ್ತು. ಆಮೇಲೆ ಯಾಕೆ ಹುಡುಕಿಕೊಂಡು ಓದಿದೆ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಅವರು ಹುಟ್ಟಿದ್ದು 1780ರಲ್ಲಿ, ಇಂಗ್ಲೆಂಡಿನ ನಾರ್ವಿಚ್ ಊರಲ್ಲಿ. ಹಣವಂತ ಮನೆತನ. ಹನ್ನೆರಡು ವರ್ಷಕ್ಕೆ ತಾಯಿ ತೀರಿಹೋದರು. ಅವರದು ಕ್ವೇಕರ್ ಸಭೆ. ಆ ಸಭೆಯವರು ಆರಾಧನೆಗೆ ಬಂದರೆ ಸುಮ್ಮನೆ ಕೂತಿರ್ತಾರೆ, ಆತ್ಮನು ಪ್ರೇರಿಸಿದವರು ಮಾತ್ರ ಎದ್ದು ಮಾತಾಡ್ತಾರೆ. ನಮ್ಮ ತಾಳ, ಚಪ್ಪಾಳೆ ಕೇಳಿದ್ರೆ ಅವರು ಏನಂತಿದ್ರೋ! 1798ರಲ್ಲಿ ಅಮೆರಿಕದಿಂದ ಬಂದ ವಿಲಿಯಂ ಸೇವರಿ ಅನ್ನೋ ಬೋಧಕರ ಮಾತು ಕೇಳೋಕೆ ಈ ಹುಡುಗಿ ಹೋಗಿದ್ದು ನೇರಳೆ ಬಣ್ಣದ ಬೂಟು, ಅದಕ್ಕೆ ಕೆಂಪು ಲಾಡಿ ಕಟ್ಟಿಕೊಂಡು. ಆ ದಿನ ಅವರ ಹೃದಯ ಮುರೀತು. 1800ರಲ್ಲಿ ಜೋಸೆಫ್ ಫ್ರೈ ಅವರ ಜೊತೆ ಮದುವೆ. ಮುಂದೆ ಹನ್ನೊಂದು ಮಕ್ಕಳು.

1813ರಲ್ಲಿ ಅವರು ಲಂಡನ್ನಿನ ನ್ಯೂಗೇಟ್ ಜೈಲಿನ ಹೆಂಗಸರ ಭಾಗಕ್ಕೆ ಮೊದಲ ಸಲ ಕಾಲಿಟ್ಟರು. ಸುಮಾರು 300 ಹೆಂಗಸರು, ಜೊತೆಗೆ ಅವರ ಮಕ್ಕಳು, ಎಲ್ಲರೂ ನಾಲ್ಕು ಕೋಣೆಯೊಳಗೆ. ಅಡುಗೆ ಅಲ್ಲೇ, ಬಟ್ಟೆ ಒಗೆಯೋದು ಅಲ್ಲೇ, ಮಲಗೋದು ಬರಿ ನೆಲದ ಮೇಲೆ. ವಿಚಾರಣೆ ಆಗದವರು, ಗಲ್ಲಿಗೆ ಕಾಯ್ತಿರೋರು ಒಟ್ಟಿಗೆ. ಒಳಗೆ ಹೋಗಬೇಡಿ ಅಂತ ಜೈಲಿನವರೇ ಎಚ್ಚರಿಸಿದ್ರು. ಇವರು ಹೋದರು, ಕೂಸುಗಳಿಗೆ ಬೆಚ್ಚನೆ ಬಟ್ಟೆ ಹಂಚಿದರು, ಪ್ರಾರ್ಥನೆ ಮಾಡಿ ಬಂದರು. ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಆ ಕೆಲಸ ಮುಂದಕ್ಕೆ ಹೋಗಲಿಲ್ಲ. ಹೆರಿಗೆ, ಹಣದ ತಾಪತ್ರಯ. ಪುಟ್ಟ ಮಗಳೊಬ್ಬಳು ತೀರಿಕೊಂಡಳು. ಸೇವೆ ಮಧ್ಯದಲ್ಲೇ ನಿಂತುಹೋಯ್ತಲ್ಲ ಅಂತ ಕೊರಗೋ ಅಮ್ಮಂದಿರೇ, ಇದನ್ನ ಗಮನಿಸಿ.

ತಿರುಗಿ ಹೋದಾಗ ಅವರು ಬುದ್ಧಿ ಹೇಳೋಕೆ ನಿಲ್ಲಲಿಲ್ಲ. ನಿಮ್ಮ ಮಕ್ಕಳಿಗೆ ಒಂದು ಶಾಲೆ ಮಾಡೋಣವೇ ಅಂತ ತಾಯಂದಿರನ್ನ ಕೇಳಿದರು. ಟೀಚರಮ್ಮ ಯಾರಾದರು ಗೊತ್ತೇ? ಮೇರಿ ಕಾನರ್ ಅನ್ನೋ ಹೆಣ್ಣುಮಗಳು, ಗಡಿಯಾರ ಕದ್ದು ಜೈಲಿಗೆ ಬಂದಿದ್ದವಳು. ಕೈದಿಗಳೇ ಅವಳನ್ನ ಆರಿಸಿದ್ರು. 1817ರಲ್ಲಿ ಫ್ರೈ ಅಮ್ಮನವರು ಹೆಂಗಸರನ್ನ ಸೇರಿಸಿ ಒಂದು ಸಂಘ ಕಟ್ಟಿದರು. ಹೊಲಿಗೆ ಕೆಲಸ ತಂದರು, ಕೆಲಸಕ್ಕೆ ಕೂಲಿ ಕೊಡಿಸಿದರು. ನಿಯಮಗಳನ್ನ ಒಂದೊಂದಾಗಿ ಕೈದಿಗಳ ಮುಂದೆ ಓದಿ, ಒಪ್ಪಿಗೆ ಇದ್ರೆ ಕೈ ಎತ್ತಿ ಅಂದರು. ಜೂಜಿಲ್ಲ, ಬೈಗುಳ ಇಲ್ಲ, ಭಿಕ್ಷೆ ಇಲ್ಲ. ಎತ್ತಿದರು. ಅಲ್ಲಿವರೆಗೆ ಅವರ ಒಪ್ಪಿಗೆಯನ್ನ ಯಾರು ಕೇಳಿದ್ರು?

ಎಲ್ಲದರಲ್ಲೂ ಜಯ ಸಿಗಲಿಲ್ಲ. 1818ರಲ್ಲಿ ಹ್ಯಾರಿಯೆಟ್ ಸ್ಕೆಲ್ಟನ್ ಅನ್ನೋ ಹೆಂಗಸಿಗೆ ನಕಲಿ ನೋಟು ಚಲಾಯಿಸಿದ್ದಕ್ಕೆ ಗಲ್ಲು ಶಿಕ್ಷೆಯಾಯ್ತು. ಅಮ್ಮನವರು ಮಂತ್ರಿಯವರೆಗೂ ಹೋಗಿ ಬೇಡಿದರು, ಆಗಲಿಲ್ಲ. (2002ರಲ್ಲಿ ಇಂಗ್ಲೆಂಡಿನ ಐದು ಪೌಂಡಿನ ನೋಟಿನ ಮೇಲೆ ಬಂದಿದ್ದು ಇದೇ ಅಮ್ಮನವರ ಮುಖ. ದೇವರ ಲೆಕ್ಕ ನೋಡಿ.)

ಜೈಲಿನೊಳಗೆ ಒಳ್ಳೆಯವರಾದರೆ ಸಾಕಾ? ಇಲ್ಲೇ ಅವರ ಕಣ್ಣು ತೆರೀತು. ಆಗ ಕೈದಿಗಳನ್ನ ಹಡಗಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸ್ತಿದ್ರು. ಅಲ್ಲಿ ಇಳಿದ ಹೆಂಗಸಿಗೆ ಗತಿ ಏನು? ಅಮ್ಮನವರ ಸಂಘದವರು ಹಡಗು ಹತ್ತಿ ಒಬ್ಬೊಬ್ಬಳ ಕೈಗೂ ಒಂದು ಚೀಲ ಕೊಡ್ತಿದ್ರು. ಅದರಲ್ಲಿ ಬೈಬಲ್ ಇತ್ತು. ಜೊತೆಗೆ ಸೂಜಿ, ದಾರ, ಬಟ್ಟೆಯ ತುಂಡುಗಳೂ ಇದ್ದವು. ದಾರಿಯುದ್ದಕ್ಕೂ ಕೌದಿ ಹೊಲಿದು, ಇಳಿದ ಮೇಲೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳಲಿ ಅಂತ. 1841ರಲ್ಲಿ ರಾಜಾ ಅನ್ನೋ ಹಡಗಲ್ಲಿ ಹೊಲಿದ ಅಂಥ ಒಂದು ಕೌದಿ ಈಗಲೂ ಕ್ಯಾನ್‌ಬೆರಾದಲ್ಲಿದೆ. ಲಂಡನ್ನಿನಲ್ಲೂ ಬಿಡುಗಡೆಯಾದವರಿಗೆ ಉಳಿಯೋಕೆ ಮನೆ ತೆರೆದರು. 1845ರಲ್ಲಿ ಅವರು ಪ್ರಭುವಿನಲ್ಲಿ ನಿದ್ರೆ ಹೋದರು. ನೆನಪಿಗೆ ಪ್ರತಿಮೆ ನಿಲ್ಲಿಸೋ ಬದಲು 1849ರಲ್ಲಿ ಹ್ಯಾಕ್ನಿಯಲ್ಲಿ, ಜೈಲಿಂದ ನೇರವಾಗಿ ಬರೋ ಹೆಂಗಸರಿಗಾಗಿ ಅವರ ಹೆಸರಲ್ಲಿ ಒಂದು ಮನೆ ಮಾಡಿದರು.

ಇನ್ನೊಂದು ವಿಷಯ. 1828ರಲ್ಲಿ ಅವರ ಗಂಡನ ಬ್ಯಾಂಕು ಮುಳುಗಿತು. ಕಂಡವರ ದುಡ್ಡನ್ನ ಜೈಲಿಗೆ ಸುರಿದಳು ಅಂತ ಜನ ಆಡಿಕೊಂಡ್ರು. ಸಭೆಯವರು ಗಂಡನನ್ನ ಹೊರಗೆ ಹಾಕಿದರು. ಸಭೆಗೆ ಹೋದರೆ ಎಲ್ಲರ ಕಣ್ಣೂ ತಮ್ಮ ಮೇಲೆ. ಕಳ್ಳಿಯನ್ನ ನೋಡೋ ಹಾಗೆ ಜನ ನೋಡೋದು ಅಂದ್ರೇನು ಅಂತ ಅವರಿಗೆ ಆಗ ಮೈಮೇಲೆ ಬಂತು. ಆದ್ರೂ ನ್ಯೂಗೇಟ್ ಬಿಡಲಿಲ್ಲ.

ಈಗ ನನ್ನ ಮಾತು. ನಮ್ಮ ರಾಜ್ಯದಲ್ಲೂ ಒಳ್ಳೆ ಪ್ರಯತ್ನಗಳಿವೆ. ಮೈಸೂರು ಜೈಲಿನವರಿಗೆ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ನಾಟಕ ಕಲಿಸಿ ವೇದಿಕೆ ಹತ್ತಿಸಿದರು. ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಆದ್ರೆ ಶಿಕ್ಷೆ ಮುಗಿದು ಗೇಟು ದಾಟಿದ ಮೇಲೆ? ರೇಷನ್ ಕಾರ್ಡಲ್ಲಿ ಹೆಸರಿಲ್ಲ, ಬಾಡಿಗೆಗೆ ಮನೆ ಕೊಡಲ್ಲ, ಅಣ್ಣತಮ್ಮಂದಿರು ಬಾಗಿಲು ತೆಗೆಯಲ್ಲ. ಅವತ್ತೇ ಟೀ ಕುಡಿಸಿ ಕರ್ಕೊಂಡು ಹೋಗೋನು ಹಳೇ ಗೆಳೆಯ ಒಬ್ಬನೇ.

ಎರಡು ವರ್ಷದ ಹಿಂದೆ ಕಳ್ಳತನದ ಕೇಸಲ್ಲಿ ಜೈಲಿಗೆ ಹೋಗಿ ಬಂದ ಒಬ್ಬ ಸಹೋದರ ನಮ್ಮ ಆರಾಧನೆಗೆ ಬರ್ತಿದ್ದ. ಹಳಬರಿಗೆ ನೆನಪಿರಬಹುದು. ಆಲೆಮನೆಯಲ್ಲಿ ಕಬ್ಬು ಅರೆಯೋ ಕೆಲಸ, ರಾತ್ರಿ ಅಲ್ಲೇ ಸಿಪ್ಪೆ ಮೇಲೆ ನಿದ್ದೆ. ಒಂದು ಭಾನುವಾರ ಒಬ್ಬ ಸಹೋದರಿಯ ಮೊಬೈಲ್ ಕಾಣೆಯಾಯ್ತು. ಯಾರೂ ಬಾಯಿ ಬಿಡಲಿಲ್ಲ, ಎಲ್ಲರೂ ಅವನ ಕಡೆ ನೋಡಿದ್ರು. ನಿಮ್ಮನ್ನ ದೂರಲ್ಲ. ಅವನನ್ನ ಹಿಂದಿನ ರೂಮಿಗೆ ಕರೆದು ಜೇಬು ತೋರಿಸಪ್ಪಾ ಅಂದವನು ನಾನು, ನಿಮ್ಮ ಪಾಸ್ಟರ್. ಅವನು ತೋರಿಸಿದ. ಹದಿನೈದು ರೂಪಾಯಿ ಮತ್ತು ಬಸ್ ಟಿಕೆಟ್ ಇತ್ತು. ಸಂಜೆ ಆ ಮೊಬೈಲ್ ಮಗುವಿನ ಬ್ಯಾಗಲ್ಲಿ ಸಿಕ್ಕಿತು. ನಾನು ಮರುದಿನವೇ ಆಲೆಮನೆಗೆ ಹೋಗಿ ತಪ್ಪಾಯ್ತು ಅನ್ನಬೇಕಿತ್ತು. ನಾಚಿಕೆಯಾಗಿ ಹೋಗಲಿಲ್ಲ. ಐದು ತಿಂಗಳಾದ ಮೇಲೆ ಪಂಪ್‌ಸೆಟ್ ಕೇಬಲ್ ಕದ್ದು ಸಿಕ್ಕಿಬಿದ್ದ ಅಂತ ಸುದ್ದಿ ಬಂತು.

ಕದ್ದಿದ್ದು ಅವನ ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಅವತ್ತು ರಾತ್ರಿ ನಿದ್ದೆ ಬರದೆ ನಾನು ಎಲಿಜಬೆತ್ ಫ್ರೈ ಅವರ ಬಗ್ಗೆ ಹುಡುಕಿ ಓದೋಕೆ ಶುರು ಮಾಡಿದೆ.

ಜೈಲಿಗೆ ಹೋಗಿ ಕ್ಷಮೆ ಕೇಳಿದ್ದೀನಿ. ಅವನು ತಲೆ ತಗ್ಗಿಸಿಕೊಂಡು, ಆ ಅಕ್ಕನಿಗೆ ಮೊಬೈಲ್ ಸಿಕ್ಕಿತಾ ಅಂತ ಮಾತ್ರ ಕೇಳಿದ. ಸಿಕ್ಕಿದ್ದು ಅವನಿಗೆ ಗೊತ್ತೇ ಇರಲಿಲ್ಲ, ದೇವಜನರೇ.

ಬರೋ ತಿಂಗಳು ಅವನು ಹೊರಗೆ ಬರ್ತಾನೆ. ನಮ್ಮ ಮನೆ ಮೇಲಿನ ಶೀಟ್ ರೂಮು ಖಾಲಿ ಮಾಡಿಸಿದ್ದೀನಿ. ಒಂದು ಚಾಪೆ, ಹೊದಿಕೆ, ಸಣ್ಣ ಸ್ಟವ್ ಬೇಕು. ಎಳನೀರು ಮಾರ್ಕೆಟ್ಟಲ್ಲಿ ಲೋಡಿಂಗ್ ಮಾಡಿಸೋ ಅಣ್ಣಂದಿರು ಇಲ್ಲಿ ಇಬ್ಬರಿದ್ದೀರಿ, ಆರಾಧನೆ ಮುಗಿದ ಮೇಲೆ ನನ್ನ ಹತ್ರ ಬನ್ನಿ. ಕೂಲಿ ದಿನಾ ಸಂಜೆ ಅವನ ಕೈಗೇ ಕೊಡಿ. ಏನಾದ್ರೂ ಕಳೆದುಹೋದ್ರೆ ಮೊದಲು ನನಗೆ ಫೋನ್ ಮಾಡಿ, ಲೆಕ್ಕ ನನ್ನ ಹೆಸರಿಗೆ ಬರೀರಿ. ಬಿಡುಗಡೆ ದಿನ ನಾನು ಗೇಟ್ ಹತ್ರ ಇರ್ತೀನಿ, ಇನ್ನೊಬ್ಬರು ಜೊತೆಗೆ ಬೇಕು. ಯಾರು ಬರ್ತೀರಾ? ಕೈ ಎತ್ತಿ.