ಡಾರ್ವಿನ್‌ಗೆ ಪಾರಿವಾಳ ಕಳಿಸಿದ್ದು ಕಿತ್ತೂರಿನ ಸೆರೆಯಾಳು! ಯಾರೀ ವಾಲ್ಟರ್ ಎಲಿಯಟ್?

ಕಿತ್ತೂರಿನ ಕದನದಲ್ಲಿ ಸತ್ತ ಥ್ಯಾಕರೆ ನಮಗೆಲ್ಲ ಗೊತ್ತು. ಅಂದು, 1824ರ ಅಕ್ಟೋಬರ್ 23ರಂದು, ರಾಣಿ ಚೆನ್ನಮ್ಮನ ಪಡೆಗೆ ಸೆರೆಸಿಕ್ಕ ಇಬ್ಬರು ಸಹಾಯಕ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ವಯಸ್ಸು ಬರೀ 21. ತಲೆ ಉಳಿಯುವ ಖಾತ್ರಿ ಇರಲಿಲ್ಲ. ಡಿಸೆಂಬರ್‌ನಲ್ಲಿ ಇಬ್ಬರನ್ನೂ ಜೀವಸಹಿತ ಬಿಡಲಾಯಿತು.

1803ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಎಲಿಯಟ್ ಇಷ್ಟಾದರೂ 1833ರವರೆಗೆ ಧಾರವಾಡ ಸೀಮೆ ಬಿಡಲಿಲ್ಲ. 595 ಶಾಸನಗಳ ನಕಲು ಮಾಡಿಸಿದ. 1839ರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿಯನ್ನೂ ಪ್ರಕಟಿಸಿದ.

ಪಾರಿವಾಳದ ನಂಟು ಬಂದದ್ದು ಆಮೇಲೆ. 1855ರಲ್ಲಿ ಚಾರ್ಲ್ಸ್ ಡಾರ್ವಿನ್ ಮನೆಯಲ್ಲಿ ಪಾರಿವಾಳ ಸಾಕತೊಡಗಿದ್ದರು. ಒಂದಕ್ಕೆ ಬೀಸಣಿಗೆಯಂಥ ಬಾಲ, ಇನ್ನೊಂದಕ್ಕೆ ಬಲೂನಿನಂತೆ ಉಬ್ಬುವ ಗಂಟಲು. ಇವೆಲ್ಲ ಒಂದೇ ಕಾಡು ಪಾರಿವಾಳದ ಸಂತತಿಯೇ? ಉತ್ತರಕ್ಕೆ ಬೇರೆ ದೇಶಗಳ ತಳಿಗಳೂ ಬೇಕಿದ್ದವು. 1856ರ ಜನವರಿಯಲ್ಲಿ ಅವರು ಎಲಿಯಟ್‌ಗೆ ಪತ್ರ ಬರೆದರು. ಆಗ ಆತ ಮದ್ರಾಸ್ ಸರ್ಕಾರದ ಮಂಡಳಿ ಸದಸ್ಯ. ಅಷ್ಟು ದೊಡ್ಡ ಹುದ್ದೆಯವನು ಹಕ್ಕಿಗಳ ಚರ್ಮ ಒಟ್ಟುಮಾಡಿ ಹಡಗಿಗೆ ಹಾಕಿಸಿದ್ದೇ ಸೋಜಿಗ. ಹೌದು, ಒಂದೇ ಕಾಡು ಪಾರಿವಾಳ ಎಂಬ ತೀರ್ಮಾನಕ್ಕೆ ಬಂದ ಡಾರ್ವಿನ್, 1859ರ ತಮ್ಮ ಮಹಾಕೃತಿಯ ಮೊದಲ ಅಧ್ಯಾಯದಲ್ಲೇ ಎಲಿಯಟ್‌ನನ್ನು ನೆನೆದರು.

ಕೊನೆಗಾಲದಲ್ಲಿ ದೃಷ್ಟಿ ಬಹುತೇಕ ಹೋಗಿದ್ದರೂ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕ ಮುಗಿಸಿದ. 1887ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ತೀರಿಕೊಂಡ.