ಕೆರೆಮೀನಿನ ಹೆಸರು ಬರೆದಿಟ್ಟ ವೈದ್ಯ ಬುಕಾನನ್

ಕೆರೆಗೆ ಬಿಡುವ ಕಾಟ್ಲ, ರೋಹು, ಮೃಗಾಲ್ ಮೀನುಗಳು ನಿಮಗೆ ಗೊತ್ತು. ಈ ಮೂರನ್ನೂ ಮೊದಲು ಶಾಸ್ತ್ರೀಯವಾಗಿ ವರ್ಣಿಸಿದ ವೈದ್ಯನೊಬ್ಬ ನಮ್ಮ ಗೋಕರ್ಣದ ದಾರಿಯಲ್ಲೂ ಹಾದುಹೋದವನು. ಆತನೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದು 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದ. 1799ರಲ್ಲಿ ಟೀಪೂ ಸುಲ್ತಾನ ಮಡಿದ ಮೇಲೆ ಆತನ ಸೀಮೆಯ ಬೇಸಾಯ, ಹುಟ್ಟುವಳಿಗಳನ್ನು ತಿಳಿದುಬರಲು ಕಂಪನಿ ಬುಕಾನನ್‌ನನ್ನು ಕಳುಹಿಸಿತು. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟವನು ಮೈಸೂರು, ಮಲಬಾರುಗಳನ್ನು ಸುತ್ತಿ 1801ರ ಮೊದಲ ತಿಂಗಳುಗಳಲ್ಲಿ ಹೊನ್ನಾವರ, ಮಿರ್ಜಾನ, ಗೋಕರ್ಣಗಳನ್ನು ದಾಟಿ ಅಂಕೋಲೆಯತ್ತ ಸಾಗಿದ. ಇಂದು ಪ್ರವಾಸಿಗರು ಸೇರುವ ಓಂ ಬೀಚ್ ಇರುವುದು ಇದೇ ಗೋಕರ್ಣದ ಮಗ್ಗುಲಲ್ಲಿ.

ಹೋದಲ್ಲೆಲ್ಲ ಆತ ಬೇಸಾಯಗಾರರನ್ನು ವಿಚಾರಿಸಿ ಮಣ್ಣು, ಬೀಜ, ಗೇಣಿ, ಫಸಲುಗಳ ವಿವರ ಬರೆದುಕೊಂಡ. ಅದು ಕಂಪನಿಯ ಲಾಭಕ್ಕಾಗಿ ತೆಗೆದ ಲೆಕ್ಕ ಎಂಬುದನ್ನು ಮರೆಯಬಾರದು. ಆದರೂ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಬರಹದಿಂದ ನಮ್ಮ ಹಿರಿಯರ ಬೇಸಾಯ ಹೇಗಿತ್ತೆಂದು ಇಂದಿಗೂ ತಿಳಿಯಬಹುದು.

ಅನಂತರ ಏಳು ವರ್ಷ ಬಂಗಾಳ, ಬಿಹಾರಗಳ ಸಮೀಕ್ಷೆ ನಡೆಸುತ್ತ ಹೊಳೆ, ಹೊಂಡಗಳ ಮೀನುಗಳನ್ನು ಪರೀಕ್ಷಿಸಿ ಚಿತ್ರ ಬರೆಸಿದ. 1815ರಲ್ಲಿ ಸ್ವದೇಶಕ್ಕೆ ಮರಳುವಾಗ ಹಲವು ಮೂಲಚಿತ್ರಗಳನ್ನು ಕಲ್ಕತ್ತೆಯಲ್ಲೇ ಬಿಟ್ಟು ಹೋಗಬೇಕಾಯಿತು. ಆದರೂ ಕೈಬಿಡದೆ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥ ಹೊರತಂದ. 250ಕ್ಕೂ ಹೆಚ್ಚು ಬಗೆಯ ಮೀನುಗಳು ಅದರಲ್ಲಿವೆ. ಕಾಟ್ಲ, ರೋಹಿತ, ಮೃಗಾಲ ಎಂಬ ನಾಡಿನ ಹೆಸರುಗಳನ್ನೇ ಶಾಸ್ತ್ರಕ್ಕೂ ಉಳಿಸಿದ. ಅಷ್ಟರಲ್ಲಿ ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರು ಇಟ್ಟುಕೊಂಡಿದ್ದ ಆತ 1829ರಲ್ಲಿ ತೀರಿಕೊಂಡ.

ಕಾಟ್ಲ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಆದ್ದರಿಂದ ಒಂದೇ ಕೆರೆಯಲ್ಲಿ ಮೂರನ್ನೂ ಸಾಕಬಹುದು. 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಒಡಿಶಾದ ಅಂಗುಲ್‌ನಲ್ಲಿ ಚುಚ್ಚುಮದ್ದಿನಿಂದ ಈ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಮರಿಗಳಿಗಾಗಿ ಹೊಳೆಯನ್ನೇ ನಂಬಿ ಕೂರುವುದು ತಪ್ಪಿತು.

ಆದರೆ ಎಲ್ಲ ನೀರಿಗೂ ಒಂದೇ ಮೀನು ಸಲ್ಲದು. ಇವು ಸಿಹಿನೀರಿನ ಮೀನುಗಳು. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಬೇಸಿಗೆಯ ಉಪ್ಪುನೀರು ಇವಕ್ಕೆ ಹಿಡಿಸದು. ಅಲ್ಲಿನ ಹಿರಿಯರ ಪದ್ಧತಿಯೇ ಬೇರೆ: ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಿನ ಮೇಲೆ ಉಬ್ಬರದ ನೀರಿನೊಡನೆ ಬರುವ ಸಿಗಡಿ, ಮೀನು. ಒಂದೇ ಗದ್ದೆಯಲ್ಲಿ ಅನ್ನವೂ ಉಂಟು, ಮೀನೂ ಉಂಟು. ಈಗ ಕಟ್ಟೆ ಒಡೆದು ಎಷ್ಟೋ ಗಜನಿಗಳು ಪಾಳು ಬಿದ್ದಿವೆ. ಕಗ್ಗದ ಬೀಜ ಉಳಿಸಿಕೊಂಡವರೂ ವಿರಳ.

ನಿಮ್ಮ ಊರಿನ ಹಿರಿಯರನ್ನು ವಿಚಾರಿಸಿರಿ. ಯಾವ ತಿಂಗಳಲ್ಲಿ ನೀರು ಸಿಹಿ, ಯಾವಾಗ ಉಪ್ಪು, ಯಾವ ಮೀನು ಎಂದು ಬರುತ್ತದೆ ಎಂಬುದನ್ನು ಬರೆದಿಡಿರಿ. ಅಂದು ಪರದೇಶದವನು ಕಂಪನಿಗಾಗಿ ಬರೆದುಕೊಂಡ. ಇಂದು ನಿಮ್ಮ ಮಕ್ಕಳ ಊಟಕ್ಕಾಗಿ ನೀವೇ ಬರೆಯಿರಿ. ಮರಿ ಬಿಡುವ ಮುನ್ನ ಆ ಚೀಟಿಯೊಡನೆ ತಾಲೂಕಿನ ಮೀನುಗಾರಿಕೆ ಇಲಾಖೆಯ ಸಲಹೆ ಪಡೆಯಿರಿ.